ಬಿದ್ದ ಕೋಟೆಯ ಕಲ್ಲು ಯಾರದು?



ತಾಯಿ ರೇಣುಕಾಂಬೆಯ ದರ್ಶನ ಮುಗಿಸಿ, ಹಣ್ಣುಕಾಯಿ ಮಾಡಿಸಿ ಹೊರಗೆ ಬಂದವರು ಕಚೇರಿ ಕಿಟಕಿಯಲ್ಲಿ ಬಗ್ಗಿ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. “ಮ್ಯಾಲೆ ಏನೈತ್ರಿ?” ಮ್ಯಾಲೆ ಕೋಟೆ ಇದೆ ಅಂತ ಹೇಳ್ತೀನಿ. ಅರ್ಧ ಜನ “ಬಿದ್ದ ಕೋಟಿ ಏನ್ ನೋಡೂದ್ರಿ” ಅಂತ ಇಳಿದು ಹೋಗ್ತಾರೆ. ಇನ್ನರ್ಧ ಜನ, ಅದರಾಗೂ ಹುಡುಗರು, ಹತ್ತಿ ಹೋಗ್ತಾರೆ. ಹತ್ತಿ ಹೋದವರು ಅಲ್ಲಿ ಹೇಗೆ ನಡಕೊಳ್ಳಬೇಕು, ಅಲ್ಲಿರೋ ಕಲ್ಲಿನ ಮೇಲೆ ನಮಗೆ ಏನು ಹಕ್ಕು, ಏನು ಋಣ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಈ ಪುಟಗಳಲ್ಲಿ ಬರೆದಿದ್ದೇನೆ. ನಾನು ತಿಳವಳ್ಳಿ ಕಡೆಯವನು, ಓದಿದ್ದು ಪಿ.ಯು.ಸಿ. ಮಾತ್ರ. ಪಂಡಿತರ ಮಾತು ಇದರಲ್ಲಿ ಇಲ್ಲ. ಭಕ್ತರು ಕೇಳಿದ ಪ್ರಶ್ನೆಗಳು ಇವೆ.

ಮೊದಲು ಈ ಬೆಟ್ಟದ ವಿಚಾರ

ಚಂದ್ರಗುತ್ತಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರ ಇದೆ. ಚಂದ್ರನನ್ನೇ ಮರೆಮಾಡುವಷ್ಟು ಎತ್ತರ ಅಂತ ಹಳೆಯವರು ಚಂದ್ರಗುಪ್ತಿ ಅಂದರು, ಆಡುಮಾತಿನಲ್ಲಿ ಅದೇ ಚಂದ್ರಗುತ್ತಿ ಆಯಿತು ಅಂತ ಹೇಳ್ತಾರೆ. ಪರಶುರಾಮನ ಕೊಡಲಿಗೆ ಅಂಜಿ ಓಡಿ ಬಂದ ತಾಯಿಗೆ ಈ ಬೆಟ್ಟದ ಬಂಡೆ ಬಾಯಿ ಬಿಟ್ಟು ಆಸರೆ ಕೊಟ್ಟಿತು ಎಂಬುದು ಎಲ್ಲರೂ ಬಲ್ಲ ಕಥೆ. ಆ ಗವಿಯೇ ಇಂದಿನ ಗುಡಿ.

ತಾಯಿಗೆ ಆಸರೆ ಕೊಟ್ಟ ಬೆಟ್ಟವೇ ಮುಂದೆ ರಾಜರಿಗೂ ಆಸರೆ ಆಯಿತು. ಬನವಾಸಿ ನಾಡನ್ನು ಆಳಿದ ಕದಂಬ ಮನೆತನದವರ ಕೈಯಲ್ಲಿ ಈ ಕೋಟೆ ಇತ್ತು. 1347ರ ಸುಮಾರಿಗೆ ವಿಜಯನಗರದ ಹರಿಹರ ಬುಕ್ಕರ ತಮ್ಮ ಮಾರಪ್ಪ ಇದನ್ನು ಗೆದ್ದುಕೊಂಡ. ಗುತ್ತಿಯ ಸೀಮೆಯನ್ನು ನಂತರ ಆಳಿದ ಮಾಧವ ಮಂತ್ರಿ ಇಲ್ಲಿಂದಾಚೆ ಗೋವೆಯವರೆಗೂ ದಂಡು ಒಯ್ದು ಗೆದ್ದವನು. ಆಮೇಲೆ ಕೆಳದಿ ನಾಯಕರ ಕಾಲ ಬಂತು. 1763ರಲ್ಲಿ ಹೈದರಾಲಿ ಬಿದನೂರು ಗೆದ್ದ ಮೇಲೆ ಕೆಳದಿ ರಾಜ್ಯವೂ ಮುಗಿಯಿತು. ಹೀಗೆ ಒಬ್ಬರ ಮೇಲೊಬ್ಬರು ಬಂದು “ಇದು ನಂದು” ಅಂದರು. ಅಂದವರು ಯಾರೂ ಇವತ್ತು ಇಲ್ಲ. ಕಲ್ಲು ಇದೆ.

ಹಾನಗಲ್ಲ ಕಡೆಯಿಂದ ಬರುವ ಭಕ್ತರಿಗೆ ಇದು ಹೊಸ ಮಾತಲ್ಲ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲ ಕೋಟೆಗೆ ಮುತ್ತಿಗೆ ಹಾಕಿದಾಗ ಅದನ್ನು ಕಾಯಲಿಕ್ಕೆ ಹೊಡೆದಾಡಿ ಜೀವ ಬಿಟ್ಟವರಿದ್ದಾರೆ. ಇವತ್ತು ಆ ಕೋಟೆಯ ಸುತ್ತು ಎಲ್ಲಿತ್ತು ಅಂತ ಊರವರನ್ನೇ ಕೇಳಿ ತಿಳಕೋಬೇಕು. ಆದರೆ ತಾರಕೇಶ್ವರನ ಗುಡಿ ನಿಂತಿದೆ. ನಮ್ಮ ತಿಳವಳ್ಳಿಯಲ್ಲೂ ಸೇವುಣರ ಕಾಲದ, 13ನೇ ಶತಮಾನದ ಶಾಂತೇಶ್ವರ ಗುಡಿ ನಿಂತಿದೆ. ಗುಡಿಯಲ್ಲಿ ದಿನಾ ದೀಪ ಹಚ್ಚುವವರು ಇದ್ದರು, ಅದಕ್ಕೆ ಉಳೀತು. ಕೋಟೆಗೆ ದೀಪ ಹಚ್ಚುವವರು ಯಾರೂ ಇರಲಿಲ್ಲ.

ಯಾರದೂ ಅಲ್ಲದ್ದು ಅಂದರೆ ಏನು?

ಒಬ್ಬ ಹಿರಿಯ ಭಕ್ತರು ಒಮ್ಮೆ ನೇರವಾಗಿ ಕೇಳಿದರು. “ಅಲ್ರೀ, ರಾಜ ಸತ್ತ, ರಾಜ್ಯ ಹೋತು, ಕೋಟಿ ಬಿತ್ತು. ಆ ಕಲ್ಲು ಈಗ ಯಾರಪ್ಪನ ಆಸ್ತಿ? ಯಾರದೂ ಅಲ್ಲ ಅಂದ ಮ್ಯಾಲೆ ಒಯ್ದವನದ ಅಲ್ಲೇನು?”

ಕೇಳಲಿಕ್ಕೆ ನ್ಯಾಯದ ಮಾತೇ. ಇದಕ್ಕೆ ಉತ್ತರ ನಮ್ಮ ಹೊಲಮನೆ ವ್ಯವಹಾರದಲ್ಲೇ ಇದೆ. ಕೂಡುಕುಟುಂಬದ ಹೊಲ ಇರುತ್ತೆ. ಉತಾರದಲ್ಲಿ ಹಿರೇ ಮನುಷ್ಯನ ಹೆಸರು ಇರಬಹುದು, ಅವನು ತೀರಿಕೊಂಡು ವಾರಸಾ ಆಗದೆ ಹಾಗೇ ಉಳಿದಿರಬಹುದು. ಆದರೂ ಒಬ್ಬ ಅಣ್ಣತಮ್ಮ ಉಳಿದವರನ್ನು ಕೇಳದೆ ಪೂರಾ ಹೊಲ ಮಾರಲಿಕ್ಕೆ ಬರೋದಿಲ್ಲ. ಸಣ್ಣ ಮಕ್ಕಳಿಗೂ ಪಾಲಿದೆ. ತಾಯಿ ಹೊಟ್ಟೆಯೊಳಗಿರೋ ಕೂಸಿಗೂ ಪಾಲಿದೆ ಅಂತ ನಮ್ಮ ಧರ್ಮಶಾಸ್ತ್ರವೂ ಹೇಳುತ್ತೆ, ಕೋರ್ಟೂ ಒಪ್ಪುತ್ತೆ. ಹೆಸರು ಕಾಣದಿದ್ದ ಮಾತ್ರಕ್ಕೆ ಹಕ್ಕುದಾರ ಇಲ್ಲ ಅಂತಲ್ಲ.

ಕೋಟೆಯೂ ಹಾಗೇ. ರಾಜ ಹೋದ ಮೇಲೆ ಅದು ಯಾರದೂ ಅಲ್ಲದ್ದು ಆಗಲಿಲ್ಲ, ಎಲ್ಲರದೂ ಆಯಿತು. ಸೊರಬದವರದು, ಹಾನಗಲ್ಲದವರದು, ಹಿರೇಕೆರೂರಿನವರದು, ಇನ್ನೂ ಹುಟ್ಟಬೇಕಾದ ಮಗುವಿನದು. ಪಾಲುದಾರರು ಇಷ್ಟು ಜನ ಇರುವಾಗ ಒಬ್ಬನೇ ಕಿತ್ತುಕೊಂಡು ಹೋಗೋದು ಒಯ್ಯೋದಲ್ಲ, ಅಣ್ಣತಮ್ಮಂದಿರ ಪಾಲು ನುಂಗೋದು.

ಹೊಟ್ಟೆಪಾಡಿಗೆ ಒಯ್ದ ಕಲ್ಲು

ಹಾಗಾದರೆ ನಮ್ಮ ಹಿರಿಯರು ಪಾಪಿಗಳೇ? ಹಳೇ ಕೋಟೆ ಇರುವ ಯಾವ ಊರಿಗೆ ಹೋದರೂ ಮನೆ ಬುನಾದಿಯಲ್ಲಿ, ಬಾವಿ ಕಟ್ಟೆಯಲ್ಲಿ, ದನದ ಕೊಟ್ಟಿಗೆಯಲ್ಲಿ ಕೋಟೆಯ ಕಲ್ಲು ಕಾಣುತ್ತೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ.

ನನ್ನ ತಿಳುವಳಿಕೆ ಹೀಗಿದೆ. ಆ ಕಾಲದಲ್ಲಿ ಬಡವನಿಗೆ ಕಲ್ಲು ಒಡೆಸಲು ದುಡ್ಡಿರಲಿಲ್ಲ, ತರಲು ಬಂಡಿ ಇರಲಿಲ್ಲ. ಮಳೆಗಾಲ ತಲೆ ಮೇಲೆ ಬಂದಾಗ ಮಕ್ಕಳಿಗೆ ಒಂದು ಸೂರು ಮಾಡಲು ಬಿದ್ದ ಗೋಡೆಯಿಂದ ನಾಲ್ಕು ಕಲ್ಲು ತಂದ. ಆ ಕಲ್ಲು ಇವತ್ತೂ ಒಂದು ಮನೆ ಹೊತ್ತು ನಿಂತಿದೆ. ಅದನ್ನು ಕಳವು ಅಂತ ಕರೆಯಲು ನನಗೆ ಮನಸ್ಸಿಲ್ಲ. ಆದರೆ ಅವತ್ತಿನ ಗರಜು ಇವತ್ತಿಗೆ ನೆಪ ಆಗಬಾರದು. ಇವತ್ತು ಟ್ರ್ಯಾಕ್ಟರಿನಲ್ಲಿ ಸೈಜುಗಲ್ಲು ಮನೆ ಬಾಗಿಲಿಗೆ ಬರುತ್ತೆ, ಸಿಮೆಂಟ್ ಇಟ್ಟಿಗೆ ಸಿಗುತ್ತೆ. ಈಗ ಕೋಟೆ ಕಲ್ಲು ಒಯ್ಯೋದು ಹೆಚ್ಚಾಗಿ ಅಂಗಳದ ಶೋಕಿಗೆ, ಇಲ್ಲವೇ ಪುಗಸಟ್ಟೆ ಸಿಕ್ಕಿತು ಅಂತ.

“ಈಗಲೂ ಬಡವರಿದಾರಲ್ರೀ” ಅನ್ನಬಹುದು. ಇದ್ದಾರೆ. ಬಡವನಿಗೆ ಮನೆ ಆಗಬೇಕಾದರೆ ಅದು ಪಂಚಾಯಿತಿಯ ಕೆಲಸ, ಉಳ್ಳವರ ಕೆಲಸ. ನಮ್ಮ ಚೀಲದಿಂದ ಕೊಡಬೇಕಾದ್ದನ್ನ ಸತ್ತವರ ಗೋಡೆಯಿಂದ ಕಿತ್ತು ಕೊಟ್ಟು “ದಾನ ಮಾಡಿದೆವು” ಅನ್ನೋದು ನ್ಯಾಯ ಅಲ್ಲ.

ಬಿಟ್ಟಿ ದುಡಿದವರ ಗುರುತು

ಇನ್ನೊಂದು ಪ್ರಶ್ನೆ ಕೇಳಿದ್ದು ಕಾಲೇಜು ಓದೋ ಒಬ್ಬ ಹೆಣ್ಣುಮಗಳು. ಇದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. “ಸರ್, ಈ ಕೋಟೆ ಕಟ್ಟಿಸಿದ್ದು ಯುದ್ಧಕ್ಕೆ. ಕಲ್ಲು ಹೊತ್ತೋರು ನಮ್ಮಂಥೋರು, ಬಿಟ್ಟಿ ದುಡಿದೋರು. ಅದು ಬಿದ್ದು ಹೋದ್ರೆ ನಮಗ್ಯಾಕೆ ದುಃಖ ಆಗ್ಬೇಕು?”

ಅವಳ ಮಾತಿನಲ್ಲಿ ಸತ್ಯ ಇದೆ. ಹಳೇ ಶಾಸನಗಳಲ್ಲಿ ಬಿಟ್ಟಿ ಎಂಬ ಮಾತು ತೆರಿಗೆಗಳ ಸಾಲಿನಲ್ಲೇ ಬರುತ್ತೆ. ಕೂಲಿ ಇಲ್ಲದೆ ಜನರನ್ನು ದುಡಿಸಿಕೊಳ್ಳುವುದು ಅರಸರ ಹಕ್ಕಾಗಿತ್ತು. ಈ ಎತ್ತರಕ್ಕೆ ಬರಿಗೈಯಲ್ಲಿ ಹತ್ತಿದರೇ ನಮಗೆ ಏದುಸಿರು ಬರುತ್ತೆ. ತಲೆ ಮೇಲೆ ಕಲ್ಲು, ಸುಣ್ಣ, ಮಣ್ಣು ಹೊತ್ತು ಹತ್ತಿದವರ ಕಾಲು ಹೇಗಿದ್ದವೋ.

ಆದರೆ ಒಂದು ವಿಚಾರ ನೋಡ್ರಿ. ಕೋಟೆ ಆಳಿದವನ ಹೆಸರು ಶಾಸನದಲ್ಲಿದೆ, ಪುಸ್ತಕದಲ್ಲಿದೆ, ಶಾಲೆ ಪಾಠದಲ್ಲಿದೆ. ಕೋಟೆ ಪೂರಾ ನೆಲಸಮ ಆದರೂ ಮಾರಪ್ಪನ ಹೆಸರಿಗೆ ಏನೂ ಧಕ್ಕೆ ಇಲ್ಲ. ಕಲ್ಲು ಹೊತ್ತವನ ಹೆಸರು ಎಲ್ಲೂ ಇಲ್ಲ. ಅವನದು ಅಂತ ಉಳಿದಿರೋದು ಗೋಡೆ ಒಂದೇ. ಕಲ್ಲಿನ ಮೈ ಮೇಲೆ ಬೆರಳಾಡಿಸಿದರೆ ಉಳಿ ಬಡಿದ ಗುರುತು ಸಿಗುತ್ತೆ. ಕಲ್ಲು ಸೀಳಲು ಸಾಲಾಗಿ ಬೆಣೆ ಬಡಿದ ತೂತು ಸಿಗುತ್ತೆ. ದೊಡ್ಡ ಕಲ್ಲುಗಳ ಸಂದಿಗೆ ಅಳತೆ ನೋಡಿ ಕೂರಿಸಿದ ಚೆಕ್ಕೆ ಸಿಗುತ್ತೆ. ಅದೇ ಅವನ ಸಹಿ. ಗೋಡೆ ಬಿದ್ದರೆ ರಾಜ ಉಳೀತಾನೆ, ದುಡಿದವನು ಅಳಿಸಿ ಹೋಗ್ತಾನೆ. ಬಿಟ್ಟಿ ದುಡಿದವರ ಮೊಮ್ಮಕ್ಕಳು ನಾವು ಅನ್ನೋದಾದರೆ ಕೋಟೆ ಉಳಿಸಲಿಕ್ಕೆ ಎಲ್ಲರಿಗಿಂತ ಹೆಚ್ಚು ಕಾರಣ ನಮಗೇ ಇದೆ.

ಹರಕೆ ಕಲ್ಲು, ಕೆತ್ತಿದ ಹೆಸರು

ಮೇಲೆ ಹೋದವರು ಸ್ವಂತ ಮನೆ ಆಗಲಿ ಅಂತ ಕಲ್ಲಿನ ಮೇಲೆ ಕಲ್ಲು ಪೇರಿಸಿ ಹರಕೆ ಮಾಡ್ತಾರೆ. ಹರಕೆ ತಪ್ಪಲ್ಲ. ಆದರೆ ಆ ಸಣ್ಣ ಕಲ್ಲು ಎಲ್ಲಿಂದ ತೆಗೀತೀರಿ ಅನ್ನೋದು ನೋಡ್ಬೇಕು. ಇಂಥ ಬೆಟ್ಟದ ಕೋಟೆಗಳ ಗೋಡೆಯ ಗುಟ್ಟು ಅಂದರೆ, ಹೊರಮೈ ಒಳಮೈ ಎರಡು ಕಡೆ ದಪ್ಪ ಕಲ್ಲು, ನಡುವೆ ಮಣ್ಣು ಮತ್ತು ಚೂರುಗಲ್ಲಿನ ತುಂಬುವಿಕೆ. ಸಂದಿಯ ಚೆಕ್ಕೆಗಳೇ ದೊಡ್ಡ ಕಲ್ಲನ್ನು ಅಲ್ಲಾಡದಂತೆ ಹಿಡಿದಿರೋದು. ಒಂದು ಚೆಕ್ಕೆ ಕಿತ್ತರೆ ಆ ತೂತಿನಲ್ಲಿ ಮಳೆನೀರು ಹೋಗುತ್ತೆ. ಮಲೆನಾಡಿನ ಮಳೆ, ಕೇಳಬೇಕೇ? ಒಳಗಿನ ಮಣ್ಣು ಕರಗಿ ಹರಿಯುತ್ತೆ. ಹಕ್ಕಿ ತಂದು ಹಾಕಿದ ಆಲ, ಅತ್ತಿ, ಬಸರಿ ಬೀಜ ಅಲ್ಲಿ ಮೊಳೆತು ಬೇರು ಬಿಡುತ್ತೆ. ಗೋಡೆ ಹೊಟ್ಟೆ ಬಿಟ್ಟ ಹಾಗೆ ಉಬ್ಬುತ್ತೆ. ಒಂದು ಮಳೆಗಾಲದಲ್ಲಿ ಹತ್ತು ಮಾರು ಗೋಡೆ ಒಮ್ಮೆಲೇ ಕುಸೀತದೆ. ನಮ್ಮ ಮನೆ ಆಗಲಿ ಅಂತ ಇನ್ನೊಬ್ಬರು ಕಟ್ಟಿದ್ದನ್ನ ಬೀಳಿಸಿದರೆ ಆ ಹರಕೆ ತಾಯಿಗೆ ಮುಟ್ಟೀತೇ?

ಇನ್ನು ಹೆಸರು ಕೆತ್ತುವವರು. ಒಬ್ಬ ಹುಡುಗ ಚುರುಕಾಗಿ ವಾದ ಮಾಡಿದ. “ಶಾಸನ ಅಂದ್ರೂ ಹೆಸರು ಕೆತ್ತಿದ್ದೇ ಅಲ್ವೇನ್ರಿ? ಅವರು ಕೆತ್ತಿದ್ರ ಇತಿಹಾಸ, ನಾವು ಕೆತ್ತಿದ್ರ ತಪ್ಪು?” ಮಾತು ಜೋರಿದೆ. ಶಾಸನದಲ್ಲಿ ಏನಿರುತ್ತೆ ನೋಡಿ. ಕೆರೆಗೆ ಇಷ್ಟು ಗದ್ದೆ, ದೇವರ ದೀಪಕ್ಕೆ ಇಷ್ಟು ಎಣ್ಣೆ, ಓದುವ ಮಕ್ಕಳ ಊಟಕ್ಕೆ ಇಷ್ಟು ಭೂಮಿ ಕೊಟ್ಟೆ ಅಂತ ಊರ ಹತ್ತು ಸಮಸ್ತರ ಮುಂದೆ, ಅದಕ್ಕೆಂದೇ ನಿಲ್ಲಿಸಿದ ಕಲ್ಲಿನಲ್ಲಿ ಬರೆಸಿರುತ್ತಾರೆ. ಅವರು ಬರೆಸಿದ್ದು ಕೊಟ್ಟ ಲೆಕ್ಕ. ನಾವು ಮೊಳೆ ತಗೊಂಡು ಗೀರೋದು “ನಾನು ಬಂದಿದ್ದೆ” ಅಂತ, ಅದೂ ಇನ್ನೊಬ್ಬರ ಕಲ್ಲಿನ ಮೇಲೆ. ಬಂದದ್ದಕ್ಕೆ ಸಾಕ್ಷಿ ಬೇಕಾದರೆ ತಾಯಿ ನೋಡಿದ್ದಾಳೆ, ಸಾಕು. ಏನಾದರೂ ಕೊಟ್ಟರೆ ಕಚೇರಿಯಲ್ಲಿ ರಸೀದಿ ಹರೀತೀವಿ, ಅದರಲ್ಲಿ ಹೆಸರು ಬರುತ್ತೆ.

ನಿಧಿಯ ಹುಚ್ಚು

ಎಲ್ಲಕ್ಕಿಂತ ಕೆಟ್ಟದ್ದು ನಿಧಿ ಆಸೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಗಳ್ಳರು ರಾತ್ರಿ ಒಡೆದು ಹಾಕಿದ್ದು ನಿಮಗೆ ನೆನಪಿರಬಹುದು. ಬಂಗಾರ ಸಿಗುತ್ತೆ ಅಂತ ಒಬ್ಬ ಯತಿಯ ಸಮಾಧಿಯನ್ನೇ ಅಗೆದರು. ಭಕ್ತರು ಸೇರಿ ಕೂಡಲೇ ಮತ್ತೆ ಕಟ್ಟಿ ನಿಲ್ಲಿಸಿದರು. ಅಗೆದವರು ಜೈಲು ಕಂಡರು.

ಅದೇ ವರ್ಷದ ಆರಂಭದಲ್ಲಿ ಹಂಪಿಯಲ್ಲಿ ಕೆಲವು ಹುಡುಗರು ಬರೀ ಮೋಜಿಗೆ ಒಂದು ಕಲ್ಲುಕಂಬ ದೂಡಿ ಕೆಡವಿ ವಿಡಿಯೋ ಮಾಡಿದ್ದರು. ನ್ಯಾಯಾಲಯ ಒಬ್ಬೊಬ್ಬರಿಗೆ 70,000 ರೂಪಾಯಿ ದಂಡ ಹಾಕಿ, ಬೀಳಿಸಿದ್ದನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ದಂಡಕ್ಕಿಂತ ಈ ಎರಡನೇ ಶಿಕ್ಷೆ ನನಗೆ ಬಹಳ ಹಿಡಿಸಿತು. ಕಂಬ ದೂಡಲು ಒಂದು ಕ್ಷಣ ಸಾಕಿತ್ತು. ಎತ್ತಿ ನಿಲ್ಲಿಸುವಾಗ ಅದರ ಭಾರ ಗೊತ್ತಾಗಿರುತ್ತೆ.

ಕಾಯಿದೆಯ ಮಾತನ್ನೂ ಹೇಳಿಬಿಡ್ತೀನಿ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂಬ ಕಾನೂನು 1878ರಿಂದಲೇ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಿದ್ದುಪಡಿ ಆದ ಮೇಲೆ, ಕೇಂದ್ರದ ಸಂರಕ್ಷಿತ ಸ್ಮಾರಕವನ್ನು ಹಾಳು ಮಾಡಿದವರಿಗೆ 2 ವರ್ಷದವರೆಗೆ ಸೆರೆಮನೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ ಕಾವಲುಗಾರ ಕಾಣುವಾಗ ಸುಮ್ಮನಿರೋದು ಅಂಜಿಕೆ. ಕಾವಲುಗಾರ ಇಲ್ಲದ ಬೆಟ್ಟದ ತುದಿಯಲ್ಲಿ ಹೇಗಿರ್ತೀವಿ ಅನ್ನೋದೇ ಧರ್ಮ.

ನಮ್ಮವರದೇ ಒಂದು ಮಾತು

ಬರೀ ಭಕ್ತರಿಗೆ ಬುದ್ಧಿ ಹೇಳಿ ಸುಮ್ಮನಾದರೆ ಆಗೋದಿಲ್ಲ. ಗುಡಿ ನಡೆಸುವ ನಮ್ಮಂಥವರೂ ಜೀರ್ಣೋದ್ಧಾರದ ಹೆಸರಿನಲ್ಲಿ ಕಡಿಮೆ ಹಾಳು ಮಾಡಿಲ್ಲ. ಊರ ಹೆಸರು ಬೇಡ. ಒಂದು ಹಳೇ ಗುಡಿಗೆ ಹೋಗಿದ್ದೆ, ಕಂಬಗಳಿಗೆಲ್ಲ ಆಯಿಲ್ ಪೇಂಟು ಬಳಿದಿದ್ದರು. ಶಾಸನದ ಅಕ್ಷರದ ಸಂದಿಯಲ್ಲೆಲ್ಲ ಬಣ್ಣ ತುಂಬಿ ಒಂದು ಸಾಲೂ ಓದಲು ಬರುತ್ತಿರಲಿಲ್ಲ. ನೆಲಕ್ಕೆ ಟೈಲ್ಸು ಹಾಕುವಾಗ ಒಂದು ವೀರಗಲ್ಲನ್ನು ಹೊರಗೆ ಒಗೆದಿದ್ದರು. ಅದರ ಮೇಲೆ ಹೆಣ್ಣುಮಕ್ಕಳು ಬಟ್ಟೆ ಒಗೀತಿದ್ದರು. ಕಮಿಟಿಯವರಿಗೆ ಭಕ್ತಿ ಕಡಿಮೆ ಇರಲಿಲ್ಲ. ಹೊಸದು ಮಾಡಿದರೇ ಸೇವೆ ಅಂತ ತಿಳಿದಿದ್ದರು ಅಷ್ಟೇ.

ವೀರಗಲ್ಲನ್ನು ಓದೋದು ಕಷ್ಟ ಅಲ್ಲ. ಕೆಳಗಿನ ಸಾಲಿನಲ್ಲಿ ಹೊಡೆದಾಟ ಇರುತ್ತೆ, ಎಷ್ಟೋ ಕಲ್ಲುಗಳಲ್ಲಿ ಪಕ್ಕದಲ್ಲಿ ದನಗಳು ಇರುತ್ತವೆ. ನಡುವಿನ ಸಾಲಿನಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲಿನ ಸಾಲಿನಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ತುದಿಗೆ ಸೂರ್ಯ ಚಂದ್ರ, ಅವು ಇರೋವರೆಗೂ ಇದು ಇರಲಿ ಅಂತ. ಊರ ದನ ಹೊಡಕೊಂಡು ಹೋಗಲು ಬಂದವರನ್ನು ತಡೆದು ಸತ್ತ ಯಾವನೋ ಒಬ್ಬ ಗೌಡನ ಮಗನೋ ದನಗಾಹಿಯೋ ಅವನು. ಹಾನಗಲ್ಲ, ಹಿರೇಕೆರೂರ, ಸೊರಬದ ಸುತ್ತ ಇಂಥವು ಬಹಳ ಇವೆ. ನಮ್ಮ ಹೊಲದಲ್ಲಿ ಒಂದು ಇದ್ದರೆ ಪುಣ್ಯ ಅಂತ ತಿಳೀರಿ. ಉಳುಮೆಗೆ ಅಡ್ಡ ಆಗುತ್ತೆ ಅಂದರೆ ಪುರಾತತ್ವ ಇಲಾಖೆಗೆ ಒಂದು ಅರ್ಜಿ ಬರೀರಿ. ಮಾರಬೇಡಿ, ಒಡೀಬೇಡಿ.

ಕೊಡೋದು ದೊಡ್ಡದೋ, ಕಾಯೋದು ದೊಡ್ಡದೋ?

ನಮ್ಮ ಹಳೇ ಶಾಸನಗಳ ಕೊನೆಗೆ ಒಂದು ರೂಢಿ ಇದೆ. ಈ ದಾನವನ್ನು ಕಾಯ್ದವರಿಗೆ ವಾರಣಾಸಿ, ಕುರುಕ್ಷೇತ್ರ, ಪ್ರಯಾಗೆಯಲ್ಲಿ ಸಾವಿರ ಕಪಿಲೆ ಹಸು ಕೊಟ್ಟ ಪುಣ್ಯ, ಅಳಿದವರಿಗೆ ಅದೇ ತೀರ್ಥಗಳಲ್ಲಿ ಹಸು ಕೊಂದ ಪಾಪ ಅಂತ ಬರೆಸಿರುತ್ತಾರೆ. ಅದನ್ನು ಕೀಳಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳ ಆಗಿ ಹುಟ್ಟುತ್ತಾನೆ ಅಂತಲೂ ಇರುತ್ತೆ. ಇದನ್ನು ಓದಿ ನಗುವವರಿದ್ದಾರೆ. ನನಗೆ ಅದರಲ್ಲಿ ಒಂದು ಸಂಕಟ ಕಾಣುತ್ತೆ. ದಾನ ಕೊಟ್ಟ ರಾಜನಿಗೆ ಗೊತ್ತು, ನಾಳೆ ನಾನಿರೋದಿಲ್ಲ, ನನ್ನ ದಂಡು ಇರೋದಿಲ್ಲ, ನನ್ನ ಕೋಟೆಯೂ ಇರಲಿಕ್ಕಿಲ್ಲ. ಆಗ ಇದನ್ನು ಕಾಯೋರು ಯಾರು? ಮುಂದೆ ಬರೋ ಗುರುತಿಲ್ಲದ ಮನುಷ್ಯ. ಅಂದರೆ ನೀವು, ನಾನು. ಅಷ್ಟು ದೊಡ್ಡ ಅರಸ ನಮ್ಮ ಮುಂದೆ ಕೈ ಮುಗಿದು ಬೇಡಿಕೊಂಡ ಹಾಗೆ ಅದು.

ಅಲ್ಲೇ ಇನ್ನೊಂದು ಮಾತೂ ಇರುತ್ತೆ. ದಾನ ಕೊಡುವುದು, ಕೊಟ್ಟದ್ದನ್ನು ಕಾಯುವುದು, ಇವೆರಡರಲ್ಲಿ ಕಾಯುವುದೇ ಮೇಲು ಎಂಬುದು ಅದರ ತಾತ್ಪರ್ಯ. ಯೋಚನೆ ಮಾಡಿ ನೋಡಿ. ಕೋಟೆ ಕಟ್ಟಿಸಲು, ಕೆರೆ ತೋಡಿಸಲು, ಗುಡಿ ಎತ್ತಿಸಲು ರಾಜನಾಗಿರಬೇಕು, ಸಾಹುಕಾರನಾಗಿರಬೇಕು. ಕಾಯಲು ಏನು ಬೇಕು? ಒಂದು ಕಲ್ಲು ಮುಟ್ಟದೆ ಇಳಿದು ಬಂದರೆ ಸಾಕು. ಕಂಡಕ್ಟರಿಗೆ ಟಿಕೆಟ್ ದುಡ್ಡು ಎಣಿಸಿ ಕೊಟ್ಟು, ಬುತ್ತಿ ಕಟ್ಟಿಕೊಂಡು, ಹುಂಡಿಗೆ ಹತ್ತು ರೂಪಾಯಿ ಹಾಕಿ ಹೋಗುವ ಬಡ ಭಕ್ತನಿಗೂ ಮಾಧವ ಮಂತ್ರಿಗಿಂತ ದೊಡ್ಡ ಪುಣ್ಯ ಇಲ್ಲಿ ತೆರೆದಿದೆ. ಇಷ್ಟು ಅಗ್ಗದ ಪುಣ್ಯವನ್ನು ಯಾಕೆ ಬಿಡಬೇಕು?

ಕಾಯ್ದರೆ ಹಾಳು ಕೋಟೆಯೂ ಕೆಲಸಕ್ಕೆ ಬರುತ್ತೆ ಅನ್ನೋದಕ್ಕೆ ಶಿಗ್ಗಾಂವ ತಾಲೂಕಿನ ಬಂಕಾಪುರ ನೋಡಿ. ಅಲ್ಲಿಯ ಕೋಟೆಯೊಳಗೆ ನಗರೇಶ್ವರ ಗುಡಿ ಇದೆ. ಕೋಟೆಯ ಜಾಗದಲ್ಲೇ ನವಿಲುಗಳು ನೆಲೆಸಿ, 2006ರಲ್ಲಿ ಅದು ನವಿಲುಧಾಮ ಆಯಿತು. ದಂಡು ನಿಂತ ಜಾಗದಲ್ಲಿ ನವಿಲು ಕುಣಿಯುತ್ತೆ. ಯಾರೂ ಕಲ್ಲು ಕೀಳಬೇಕಾಗಲಿಲ್ಲ.

ಬೆಟ್ಟ ಹತ್ತುವವರಲ್ಲಿ ವಿನಂತಿ

1. ಬೆಳಿಗ್ಗೆ ಹತ್ತಿ, ಹೊತ್ತು ಮುಳುಗುವ ಮೊದಲೇ ಇಳಿಯಿರಿ. ಮಳೆಗಾಲದಲ್ಲಿ ಕಲ್ಲು ಜಾರುತ್ತವೆ. ವಯಸ್ಸಾದವರು, ಸಣ್ಣ ಮಕ್ಕಳು ಇದ್ದವರು ಗುಡಿಯಲ್ಲೇ ಕುಳಿತು ವಿಶ್ರಾಂತಿ ಪಡೆಯುವುದು ಒಳ್ಳೆಯದು.

2. ಗೋಡೆಯ ಮೇಲೆ ಹತ್ತಬೇಡಿ. ಸಂದಿಯ ಚೆಕ್ಕೆ ಕೀಳಬೇಡಿ. ಹರಕೆಗೆ ಮನಸ್ಸಿದ್ದರೆ ತಾಯಿಯ ಮುಂದೆ ಕಾಯಿ ಕಟ್ಟಿರಿ.

3. ಮೊಳೆ, ಸುಣ್ಣ, ಬಣ್ಣದಿಂದ ಹೆಸರು ಬರೆಯಬೇಡಿ. ಅರಿಶಿನ ಕುಂಕುಮವನ್ನೂ ಅಕ್ಷರ ಇರುವ ಕಲ್ಲಿಗೆ ಹಚ್ಚಬೇಡಿ.

4. ಕೊಂಡಗಳಲ್ಲಿ ಸೋಪು, ಬಟ್ಟೆ, ಊಟದ ಎಲೆ ಹಾಕಬೇಡಿ. ಮಂಗ, ಹಕ್ಕಿಗಳಿಗೂ ಅದೇ ನೀರು.

5. ನೀರಿನ ಬಾಟ್ಲಿ, ಪ್ಲಾಸ್ಟಿಕ್ ಚೀಲ ತುಂಬಿ ಒಯ್ದದ್ದನ್ನು ಖಾಲಿ ಆದ ಮೇಲೆ ತಿರುಗಿ ತನ್ನಿರಿ. ಇಳಿಯುವಾಗ ಭಾರ ಕಡಿಮೆಯೇ ಇರುತ್ತೆ.

6. ಅಗೆದ ಗುಂಡಿ, ಹೊಸದಾಗಿ ಒಡೆದ ಕಲ್ಲು ಕಂಡರೆ ಕಚೇರಿಗೆ ಬಂದು ಹೇಳಿ. ನಿಮ್ಮ ಹೆಸರು ಯಾರಿಗೂ ಹೇಳುವುದಿಲ್ಲ.

ಈ ಬೆಟ್ಟ ಓಡಿ ಬಂದ ತಾಯಿಯನ್ನು ಕಾಯ್ದಿದೆ, ಸೋತ ರಾಜರನ್ನು ಕಾಯ್ದಿದೆ. ಅದು ಯಾರನ್ನೂ ಜಾತಿ ಕೇಳಲಿಲ್ಲ, ಬಾಡಿಗೆ ಕೇಳಲಿಲ್ಲ. ಈಗ ಅದನ್ನು ಕಾಯುವ ಪಾಳಿ ನಮ್ಮದು. ತಾಯಿ ರೇಣುಕಾಂಬೆ ಎಲ್ಲರಿಗೂ ಒಳ್ಳೇದು ಮಾಡಲಿ. ಸುಖವಾಗಿ ಊರು ಸೇರಿರಿ.